ದೋಷವಿಲ್ಲದ ನಲವತ್ತು ಜರ್ಸಿ

ಇಚಲಕರಂಜಿಯಲ್ಲಿ ಸೂರ್ಯ ಹುಟ್ಟದ ದಿನವಾದರೂ ಇದ್ದೀತು, ತಂಗೆವ್ವನ ಕಣ್ಣು ತಪ್ಪಿಸಿ ಹರಿದ ನೂಲು ಗಾಡಿ ಹತ್ತಿದ ದಿನ ಇಲ್ಲ. ಇದು ಆಕೆಯೇ ಹೇಳಿಕೊಳ್ಳುವ ಮಾತು. ಹೇಳಿಕೊಳ್ಳಲಿ, ಸುಳ್ಳೇನೂ ಅಲ್ಲ. ಅಥಣಿ ಕಡೆಯಿಂದ ಮದುವೆಯಾಗಿ ಈ ಮರಾಠಿ ಸೀಮೆಯ ಮಗ್ಗದೂರಿಗೆ ಬಂದವಳು ವರ್ಷ ತುಂಬುವುದರೊಳಗೆ ಈಗಿನ ಮಾಲಕ ಅಭಯಕುಮಾರರ ತಂದೆಯ ಮಗ್ಗದ ಕಾರಖಾನೆಯಲ್ಲಿ ಮೆಂಡಿಂಗ್ ಕೆಲಸಕ್ಕೆ ಸೇರಿದಳು. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ಹರಿದಿದೆ ಎಂದು ಹುಡುಕಿ, ಹರಿದೇ ಇರಲಿಲ್ಲ ಎನ್ನುವ ಹಾಗೆ ಸೂಜಿಯಿಂದ ಕೂಡಿಸುವುದು ಆ ಕೆಲಸ. ಆಮೇಲೆ ಹಳದಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುವಳು. ಆ ಗೀಟು ಬಿದ್ದ ಮಾಲು ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ವಾಪಸು ಬಂದಿರಲಿಲ್ಲ.

ಆಕೆಯ ಚಟ ಎಂಥದೆಂದರೆ, ಸ್ವಂತ ಮಗಳ ಮದುವೆಯಲ್ಲಿ, ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದು ಭಟ್ಟರು ಮಂಗಳಾಷ್ಟಕ ಹೇಳುತ್ತಿರುವಾಗ, ಆ ಅಂತರಪಟದಲ್ಲೇ ಒಂದು ಎಳೆ ಹರಿದದ್ದು ಕಂಡಿತು. ಬೀಗರು ಅಕ್ಷತೆ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತರು. ಮುಹೂರ್ತ ನಾಲ್ಕು ನಿಮಿಷ ಮೀರಿತು, ಅಂತರಪಟ ಮಾತ್ರ ನೆಟ್ಟಗಾಯಿತು. ಬೀಗತಿ ಇವತ್ತಿಗೂ ಆ ನಾಲ್ಕು ನಿಮಿಷ ಮರೆತಿಲ್ಲ.

ಗಂಡ ಬಸವಂತ ಗಡಹಿಂಗ್ಲಜ ಕಡೆಯವನು. ಹರೆಯದಲ್ಲಿ ಅಲ್ಲಿಯ ಮೈದಾನದಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿದವನು, ಗೋಲು ಕಾಯುತ್ತಿದ್ದ. ಆಮೇಲೆ ನಲವತ್ತು ವರ್ಷ ಮಗ್ಗಗಳ ಖಟಖಟದ ನಡುವೆ ನಿಂತು ಕಿವಿ ಹೋಯಿತು. ಕಿವಿ ಹೋದರೂ ದನಿ ಉಳಿಯಿತು. ಹನ್ನೆರಡು ಮಗ್ಗ ಓಡುತ್ತಿವೆ ಎಂಬ ಲೆಕ್ಕದಲ್ಲೇ ಮನೆಯಲ್ಲೂ ಮಾತಾಡುತ್ತಿದ್ದ. ಅವನು ಚಹಾ ಕೇಳಿದರೆ ಮೂರು ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು.

ಹೋದ ದೀಪಾವಳಿಗೆ ಅಭಯಕುಮಾರರು ಬಟ್ಟೆ ತಪಾಸಣೆಯ ಕ್ಯಾಮೆರಾ ಮಶೀನೊಂದನ್ನು ಟ್ರಾಯಲ್‌ಗೆಂದು ತಂದು ತಂಗೆವ್ವನ ಮೇಜಿನ ಪಕ್ಕದಲ್ಲೇ ನಿಲ್ಲಿಸಿದರು. ಬಟ್ಟೆ ಕೆಳಗೆ ಹಾಯುವಾಗ ದೋಷ ಕಂಡರೆ ಕೆಂಪು ದೀಪ ಹೊತ್ತಿ ಚೀರುತ್ತದೆ, ಇಲ್ಲದಿದ್ದರೆ ಹಸಿರು. ಅದನ್ನು ಮಾರುವ ಹರ್ಷದ ಎಂಬಾತ ವಾರಕ್ಕೆರಡು ಸಲ ಕೊಲ್ಹಾಪುರದಿಂದ ಬಂದು ಅದರ ಧೂಳು ಒರೆಸಿ ಹೋಗುತ್ತಿದ್ದ. ಅಭಯಕುಮಾರರು ಮುಚ್ಚುಮರೆ ಮಾಡುವವರಲ್ಲ. ಎಲ್ಲರ ಹಾಗೆ ಅವರೂ ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

"ಮಾವಶಿ, ನೀವು ಇರೂತನಕಾ ನನಗ ಇದು ಬ್ಯಾಡ. ಆದ್ರ ನಿಮ್ಮ ಮಾಲು ಒಂದ ಸಲಾ ವಾಪಸ್ ಬಂತಂದ್ರ ನಾ ಇದನ್ನ ತಗೋತೇನಿ ನೋಡ್ರಿ. ಆಮ್ಯಾಲ ಬೈಬ್ಯಾಡ್ರಿ."

"ಬರೂದಿಲ್ಲ ತಗೋರಿ ಮಾಲಕರ," ಎಂದಳು ತಂಗೆವ್ವ. ಮೇಲೆ ಹಾಗೆಂದರೂ ಒಳಗೊಳಗೇ ಹೆದರಿದ್ದಳು. ಆ ಗೀಟು ಹೋದರೆ ತಾನು ಯಾರು ಎಂಬುದು ಆಕೆಗೆ ನಿಜವಾಗಿ ಗೊತ್ತಿರಲಿಲ್ಲ.

ಹೀಗಿರುವಾಗ ಬಂತು ಫುಟ್‌ಬಾಲ್ ಜರ್ಸಿಯ ಆರ್ಡರು. ದಖ್ಖನ್ ರೋವರ್ಸ್ ಎಂಬ ಕ್ಲಬ್ಬು ಆ ವರ್ಷವೇ ದೇಶದ ಮೊದಲ ದರ್ಜೆಯ ಲೀಗಿಗೆ ಏರಿ, ಕೊಲ್ಹಾಪುರವನ್ನು ತನ್ನೂರು ಮಾಡಿಕೊಂಡಿತ್ತು. ನೀಲಿ ಜರ್ಸಿ, ಎದೆಯ ಮೇಲೆ ಬಿಳಿಯ ನೇಯ್ದ ಪಟ್ಟಿ, ಪಟ್ಟಿಯಲ್ಲಿ ಐದು ಕೆಂಪು ಎಳೆ. ಆಟಗಾರರಿಗೆಂದೇ ನಲವತ್ತು. ಪಟ್ಟಿ ಎಲ್ಲೋ ನೇಯ್ದು, ಜರ್ಸಿ ಎಲ್ಲೋ ಹೊಲಿದು, ಕೊನೆಯ ತಪಾಸಣೆಗೆ ತಂಗೆವ್ವನ ಮೇಜಿಗೆ ಬಂದವು. ಮೊದಲನೆಯದನ್ನು ಬೆಳಕಿಗೆ ಹಿಡಿದಳು. ಮೂರನೆಯ ಕೆಂಪು ಎಳೆ ನಡುವೆ ಎರಡು ಬೆರಳಿನಷ್ಟು ಹರಿದಿತ್ತು. ಎರಡನೆಯ ಜರ್ಸಿಯಲ್ಲೂ ಅಲ್ಲೇ. ಮೂರನೆಯದರಲ್ಲೂ ಅಲ್ಲೇ. ನಲವತ್ತೂ ಹಾಗೇ. ನೇಯ್ದವನು ಕುಡುಕ ಎಂದು ತಂಗೆವ್ವ ತೀರ್ಮಾನಿಸಿದಳು, ಆದರೆ ಭಾಳ ಶಿಸ್ತಿನ ಕುಡುಕ.

ಇದೇನು ಎಂದು ಯಾರನ್ನೂ ಕೇಳಲಿಲ್ಲ. ಮೆಂಡಿಂಗ್‌ನವರು ಕೇಳುವುದಿಲ್ಲ, ಕೂಡಿಸುತ್ತಾರೆ. ಕೇಳುತ್ತ ಕೂತರೆ ಕೆಲಸ ಸಾಗುವುದೂ ಇಲ್ಲ. ಎರಡು ದಿನ ಕತ್ತು ಎತ್ತದೆ ಕೂತು ನಲವತ್ತು ಎಳೆಗಳನ್ನೂ ಕೂಡಿಸಿ, ಗೀಟು ಹಾಕಿ ಕಳಿಸಿದಳು.

ಭಾನುವಾರ ಕೊಲ್ಹಾಪುರದಲ್ಲಿ ಪಂದ್ಯ. ಬಸವಂತ ಟಿವಿಯ ಮುಂದೆ ಮಂಡಿಯೂರಿ ಕೂತಿದ್ದ. "ಏ, ಬಾ ಇಲ್ಲೆ! ನಿನ್ನ ಅಂಗಿ ಓಡಾಕತ್ತಾವ ನೋಡ!" ಎಂದು ಕೂಗಿದ. ಅರ್ಧ ಓಣಿಯೇ ಬಂದು ನೋಡಿತು. ತಂಗೆವ್ವ ಚೆಂಡು ನೋಡಲಿಲ್ಲ, ಎದೆಗಳನ್ನೇ ನೋಡಿದಳು. ಕ್ಯಾಮೆರಾ ನಾಯಕನ ಹತ್ತಿರ ಹೋದಾಗ ಐದೂ ಎಳೆ ನೆಟ್ಟಗೆ ಕಂಡವು. ಆಕೆಗೆ ಕಣ್ಣಲ್ಲಿ ನೀರೇ ಬಂತು. ರೋವರ್ಸ್ ಮೂರು ಗೋಲು ತಿಂದಿತು, ಎಳೆ ಮಾತ್ರ ಒಂದೂ ಕದಲಲಿಲ್ಲ.

ಆದರೆ ಅಭಿಮಾನಿಗಳು ಬೇರೆಯದೇ ನೋಡಿದ್ದರು. ಕ್ಲಬ್ಬಿನವರು ವಾರದ ಮುಂಚೆಯೇ ಜಾಹೀರಾತಿನಲ್ಲಿ ಹೇಳಿದ್ದರಂತೆ: ಎದೆಯ ಮೂರನೆಯ ಎಳೆ ಹರಿದಿದ್ದರೆ ಅಸಲಿ, ನೆಟ್ಟಗಿದ್ದರೆ ನಕಲಿ, ನೋಡಿ ಕೊಳ್ಳಿ. ಈಗ ಮೈದಾನದಲ್ಲಿ ಹನ್ನೊಂದು ಜನವೂ ನಕಲಿ ಜರ್ಸಿ ತೊಟ್ಟಿದ್ದರು. ಒಬ್ಬ ಮೊಬೈಲಿನಲ್ಲಿ, ಜರ್ಸಿಯಷ್ಟೇ ಅಲ್ಲ ಆಟಗಾರರೂ ನಕಲಿ, ಇಲ್ಲದಿದ್ದರೆ ಮೂರು ಗೋಲು ಹೇಗೆ ಎಂದು ಬರೆದ. ಅದನ್ನು ಸಾವಿರಾರು ಮಂದಿ ಒಪ್ಪಿದರು. ಮರುದಿನ ಮೈದಾನದ ಬಾಗಿಲಲ್ಲಿ ಮುನ್ನೂರು ಜನ ಧರಣಿ ಕೂತರು. ಅಸಲಿ ಜರ್ಸಿ ಬರುವವರೆಗೆ ರೋವರ್ಸ್ ಗೋಲು ಹೊಡೆದರೂ ಚಪ್ಪಾಳೆ ಇಲ್ಲವೆಂದು ಸಾರಿದರು. ರೋವರ್ಸ್ ಗೋಲು ಹೊಡೆಯುವ ಲಕ್ಷಣವೇ ಇರಲಿಲ್ಲ, ಆ ಮಾತು ಬೇರೆ.

ಮಂಗಳವಾರ ಗಂಟು ವಾಪಸು ಬಂತು. ಮೇಲಿನ ಚೀಟಿಯನ್ನು ಅಭಯಕುಮಾರರು ಎರಡು ಸಲ ಓದಿಕೊಂಡು ಆಮೇಲೆ ಗಟ್ಟಿಯಾಗಿ ಓದಿದರು. ವಾಪಸು ಕಳಿಸಲು ಕಾರಣ: ದೋಷವಿಲ್ಲ. ತಂಗೆವ್ವ ಆ ಚೀಟಿಯನ್ನೇ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಮೂವತ್ತೊಂದು ವರ್ಷಕ್ಕೆ ಮೊದಲ ವಾಪಸು ಮಾಲು, ಅದೂ ಈ ಕಾರಣಕ್ಕೆ!

ಗಂಟಿನ ಜೊತೆಗೇ ಜರ್ಸಿಯ ಡಿಸೈನ್ ಮಾಡಿದ ಮನೀಷಾ ಮುಂಬಯಿಯಿಂದ ಬಂದಿದ್ದಳು. ಒಳ್ಳೆಯ ಹುಡುಗಿ, ಬಂದವಳೇ ತಂಗೆವ್ವನ ಕಾಲಿಗೆ ನಮಸ್ಕರಿಸಿದಳು. "ಮಾವಶಿ, ತೋ ಧಾಗಾ ಮುದ್ದಾಮ್ ತೋಡಲಾ ಹೋತಾ," ಎಂದಳು. ಎಳೆಯನ್ನು ಬೇಕೆಂದೇ ಹರಿದದ್ದು. ಅದು ಮಗ್ಗದ ಕಾರ್ಮಿಕರ ನೋವಿನ ಗುರುತು, ಇಡೀ ಜರ್ಸಿಯೇ ಅವರಿಗೊಂದು ಗೌರವ ಎಂದು ವಿವರಿಸಿದಳು.

ತಂಗೆವ್ವ ಪೂರಾ ಕೇಳಿಸಿಕೊಂಡಳು. ಆಮೇಲೆ ಸಿಟ್ಟು ನೆತ್ತಿಗೇರಿತು. "ಬಾಯಾರ, ನೂಲ್ ಹರದ್ರ ಇಲ್ಲೆ ನಮ್ಮ ಪಗಾರ ಹಿಡೀತಾರ. ನೀವು ಅದನ್ನ ಎದೀಮ್ಯಾಲ ಹಾಕ್ಕೊಂಡು ಮಾನಾ ಅಂತೀರಿ? ಡಾಕ್ಟರಗ ಮಾನಾ ಕೊಡಾಕಂತ ಯಾರರೆ ಪೇಶಂಟನ್ನ ಕೊಲ್ಲತಾರೇನ್ರಿ?"

"ಹೋಗ್ಲಿ ಬಿಡ್ರಿ ಮಾವಶಿ," ಎಂದರು ಅಭಯಕುಮಾರರು. "ನಲವತ್ತೂ ಕತ್ತರಿಸಿ ಕೊಟ್ಟಬಿಡ್ರಿ. ಅದು ದೋಷ ಅಲ್ಲಂತ, ಡಿಸೈನ್ ಅಂತ."

"ದೋಷ ಅಲ್ಲಾ? ನನ್ನ ಮಾತು ಬ್ಯಾಡ. ನಿಂತೈತೆಲ್ಲ ನಿಮ್ಮ ಮಶೀನು, ಅದನ್ನ ಕೇಳ್ರಿ. ಅದೇನು ನನ್ನ ತವರಮನಿಯಿಂದ ಬಂದಿಲ್ಲ."

ಹರ್ಷದ ಆ ದಿನ ಅಲ್ಲೇ ಇದ್ದ, ಕರೆಯುವ ಮೊದಲೇ ಓಡಿ ಬಂದ. ಮನೀಷಾ ತನ್ನ ಚೀಲದಿಂದ ಮಾದರಿ ಜರ್ಸಿ ತೆಗೆದಳು, ಎಳೆ ಹರಿದದ್ದು. ಕೆಳಗಿಟ್ಟದ್ದೇ ತಡ, ಮಶೀನು ಕೆಂಪಾಗಿ ಚೀರಿತು. ತಿರುಗಿಸಿ ಇಟ್ಟರು, ಚೀರಿತು. ಆರಿಸಿ ಮತ್ತೆ ಹಚ್ಚಿದರು, ಇನ್ನೂ ಜೋರಾಗಿ ಚೀರಿತು. ತಂಗೆವ್ವ ಕೂಡಿಸಿದ ಜರ್ಸಿ ಇಟ್ಟರು, ಹಸಿರು. ಒಂದಾದ ಮೇಲೊಂದು ನಲವತ್ತೂ ಹಸಿರು.

ತಂಗೆವ್ವ ಚಪ್ಪಾಳೆ ತಟ್ಟಿ ನಕ್ಕಳು. "ಕಬ್ಬಿಣಕ್ಕ ತಿಳೀತು, ನಿಮಗ ತಿಳೀವಲ್ದು!" ಎಂದು, ಆರು ತಿಂಗಳಿಂದ ಮುಖ ಕೊಟ್ಟು ನೋಡದಿದ್ದ ಆ ಮಶೀನಿನ ಬೆನ್ನನ್ನು ಹಯನಿನ ಎಮ್ಮೆಯ ಹಾಗೆ ಸವರಿದಳು. ಊರೆಲ್ಲ ಒಂದು ಕಡೆ ನಿಂತಾಗ ತನ್ನ ಪರವಾಗಿ ಸಾಕ್ಷಿ ಹೇಳಿದ್ದು ಅದೊಂದೇ.

ಬೇರೆ ಯಾರೂ ನಗುತ್ತಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅಭಯಕುಮಾರರು ಮಶೀನನ್ನು ನೋಡುತ್ತಿದ್ದರು, ಆಮೇಲೆ ಆಕೆಯನ್ನು, ಮತ್ತೆ ಮಶೀನನ್ನು. ಹರ್ಷದ ಮೆತ್ತಗೆ ಹೇಳಿದ, "ಮಾವಶಿ ಕಣ್ಣಿಗೆ ಕಂಡದ್ದು ಇದಕ್ಕೂ ಕಾಣತೈತಿ ಅಂದಂಗಾತಲ್ರಿ, ಮಾಲಕರ."

ತಾನೇ ಕರೆದ ಸಾಕ್ಷಿ. ತಂಗೆವ್ವನ ಕೈ ಇನ್ನೂ ಅದರ ಬೆನ್ನ ಮೇಲೆಯೇ ಇತ್ತು, ತೆಗೆಯುವುದಕ್ಕೂ ನಾಚಿಕೆಯಾಯಿತು.

ಅಭಯಕುಮಾರರು ಕೆಟ್ಟವರಲ್ಲ. ಮಶೀನು ಕೊಂಡರು, ಆದರೆ ತಂಗೆವ್ವನನ್ನು ಬಿಡಲಿಲ್ಲ. ಗಲಾಟೆಯಿಂದಾಗಿ ಆ ಜರ್ಸಿಗೆ ಭಾರೀ ಬೇಡಿಕೆ ಬಂದು, ಕ್ಲಬ್ಬು ಅಭಿಮಾನಿಗಳಿಗೆಂದು ನಾಲ್ಕು ಸಾವಿರ ಆರ್ಡರು ಕೊಟ್ಟಿತ್ತು. ಈ ಸಲ ಅವಸರದಲ್ಲಿ ಪಟ್ಟಿಗಳು ನೆಟ್ಟಗೇ ನೇಯ್ದು ಬಂದಿದ್ದವು, ಅಷ್ಟಕ್ಕೂ ಅದೇ ಜಾಗದಲ್ಲಿ, ಅದೇ ಎರಡು ಬೆರಳು ಎಳೆ ತೆಗೆಯಬೇಕು. ಹುಡುಗಿಯರು ಕತ್ತರಿಸಿದರೆ ಸೊಟ್ಟಗಾಗುತ್ತಿತ್ತು. "ಅಂಥಾ ಕೈ ನಿಮಗಷ್ಟ ಐತಿ ಮಾವಶಿ," ಎಂದರು. ಪಗಾರ ಅಷ್ಟೇ, ಕುರ್ಚಿಗೆ ಹೊಸ ದಿಂಬು. ಹರ್ಷದ ಮಶೀನಿಗೆ ಬುದ್ಧಿ ಹೇಳಿಕೊಟ್ಟ: ಇನ್ನು ಹರಿದಿದ್ದರೆ ಹಸಿರು, ನೆಟ್ಟಗಿದ್ದರೆ ಕೆಂಪು. ಅದು ಹತ್ತು ನಿಮಿಷದಲ್ಲಿ ಮನಸ್ಸು ಬದಲಿಸಿತು. ತಂಗೆವ್ವನಿಗೆ ಅದು ಆಗಲಿಲ್ಲ. ಮೊದಲ ದಿನ ನೂರಿಪ್ಪತ್ತು ಕತ್ತರಿಸಿದಳು, ಮೂರಕ್ಕೆ ಮಶೀನು ಚೀರಿತು. ಕೈ ಆಕೆಯನ್ನು ಕೇಳದೆ ಮೂರನ್ನು ಮತ್ತೆ ಕೂಡಿಸಿಬಿಟ್ಟಿತ್ತು.

ಮಾಲಕರು ಈ ಕೆಲಸ ಹೇಳಿದ್ದೂ ಅದೇ ಬೆಳಿಗ್ಗೆ. ಸಂಜೆ ಮನೆಗೆ ಬಂದಾಗ ಬಸವಂತ ಕಟ್ಟೆಯ ಮೇಲೆ ಕಾಯುತ್ತಿದ್ದ. ಬೆಳಿಗ್ಗೆಯಿಂದ ಅವನಿಗೂ ಅನ್ನ ಸೇರಿರಲಿಲ್ಲ. "ಕೆಲಸಾ ಉಳೀತೇನ?" ಎಂದು ಕೂಗಿದ.

"ಉಳೀತು," ಎಂದಳು.

"ಆಂ?"

"ಉಳೀತ್ರಿ!"

"ಏನ್ ಕೆಲಸಾ ಕೊಟ್ಟಾರ?"

ತಂಗೆವ್ವ ಮೆಲ್ಲಗೆ ಹೇಳಿದಳು. ಅವನು ಕಿವಿಗೆ ಕೈ ಹಿಡಿದ. ನಳದಲ್ಲಿ ಕೊಡ ತುಂಬಿಸುತ್ತಿದ್ದ ಎದುರುಮನೆಯ ಚೆನ್ನವ್ವ, ತಾನೂ ಮೆಂಡಿಂಗ್‌ನವಳೇ, ನೀರು ನಿಲ್ಲಿಸಿ ಇತ್ತ ನೋಡಿದಳು. ತಂಗೆವ್ವ ಇನ್ನೊಂದು ಸಲ ಹೇಳಿದಳು. ಅವನಿಗೆ ಕೇಳಲಿಲ್ಲ. ಒಳಗೆ ಬರ್ರಿ ಎಂದು ಕೈಸನ್ನೆ ಮಾಡಿದರೆ, "ಇಲ್ಲೇ ಹೇಳ, ಯಾರ್ ಅದಾರ ಇಲ್ಲೆ!" ಎಂದು ಕೂಗಿದ. ಆ ಓಣಿಯಲ್ಲಿ ಇದ್ದವರೆಲ್ಲ ಮಗ್ಗದವರೇ.

ತಂಗೆವ್ವ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಗಂಡನ ಎದುರು ನಿಂತು, ಇದ್ದ ದನಿಯನ್ನೆಲ್ಲ ಕೂಡಿಸಿಕೊಂಡು ಕೂಗಿದಳು.

"ಚಲೋ ಬಟ್ಟಿ ಕೆಡಸೂ ಕೆಲಸಾರಿ! ನೆಟ್ಟಗಿದ್ದ ನೂಲ್ ಹರೀತೇನ್ರಿ!"

ಈ ಸಲ ಬಸವಂತನಿಗೆ ಕೇಳಿಸಿತು. ಓಣಿಗೂ ಕೇಳಿಸಿತು.