ರಸ್ತೆ ತೆರೆಯುವವನು ಮನೆಯಲ್ಲಿ ಕೂತಾಗ

ಡೆಲ್ಬರ್ಟ್ ಬಿಟ್ಸಿಲಿ ಮಾತಿನಲ್ಲಿ ಜಿಪುಣ, ಕೆಲಸದಲ್ಲಿ ಧಾರಾಳಿ. ಅಮೆರಿಕದ ನವಾಹೊ ಆದಿವಾಸಿಗಳ ನಾಡಿನಲ್ಲಿ, ಚಿನ್ಲಿ ಊರಿನ ಮೇಲ್ಗಡೆಯ ಮಣ್ಣುರಸ್ತೆಗಳಲ್ಲಿ ಸರ್ಕಾರದ ಗ್ರೇಡರ್ ಗಾಡಿ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಗುಂಡಿ ಸಮ ಮಾಡುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು. ಅವನು ಒಮ್ಮೆ ಹಾದುಹೋದ ಮೇಲೆಯೇ ಶಾಲೆಯ ಬಸ್ಸು ಹೊರಡಬೇಕು, ಆಮೇಲೆ ಮನೆಮನೆಯವರು ಪಿಕಪ್‌ನಲ್ಲಿ ಪೀಪಾಯಿ ಇಟ್ಟುಕೊಂಡು ನೀರಿಗೆ ಹೊರಡಬೇಕು. ಅವನನ್ನು ಹೊಗಳಿದವರು ಯಾರೂ ಇಲ್ಲ. ಒಂದು ದಿನ ತಡವಾದರೆ ಮಾತ್ರ ಎಲ್ಲರಿಗೂ ಅವನ ಹೆಸರು ನೆನಪಾಗುತ್ತಿತ್ತು.

ಮದುವೆಯಾದ ಮೇಲೆ ಅವನು ಹೆಂಡತಿ ಲೊರಿಂಡಾಳ ತವರಿನಲ್ಲೇ ನೆಲೆಸಿದ. ನಮ್ಮಲ್ಲಿ ಪದ್ಧತಿಯೇ ಹಾಗೆ. ಇನ್ನೊಂದು ಪದ್ಧತಿಯೂ ಇದೆ: ಅತ್ತೆ, ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು. ನೋಡಿದರೆ ಕಣ್ಣು ಹೋಗುತ್ತದೆ ಎನ್ನುತ್ತಾರೆ. ಈಗಿನವರು ಇದನ್ನೆಲ್ಲ ಗಾಳಿಗೆ ತೂರಿ, ಅತ್ತೆಯ ಪಕ್ಕದಲ್ಲೇ ಕೂತು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಾರೆ. ಲೊರಿಂಡಾಳ ತಾಯಿ ದೇಸ್ಬಾ ಅಂಥವಳಲ್ಲ. ಹಳೆಯ ಕಾಲದ ಹೆಂಗಸರಂತೆ ಕಿವಿಗೆ ಸಣ್ಣ ಬೆಳ್ಳಿ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದಳು. ಗೆಜ್ಜೆಯ ಸದ್ದು ಕೇಳಿದರೆ ಡೆಲ್ಬರ್ಟ್ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಒಂದೇ ಅಂಗಳ, ಅವಳದು ಎಂಟು ಮೂಲೆಯ ಹಳೆಯ ಹೋಗನ್ ಮನೆ, ಇವರದು ತಗಡಿನ ಮನೆ. ಇಷ್ಟು ವರ್ಷಗಳಲ್ಲಿ ಅವನು ಅವಳನ್ನು ಕಂಡಿರಲಿಲ್ಲ. ಇದು ದ್ವೇಷವಲ್ಲ, ಮರ್ಯಾದೆ. ಇಂಥ ಮರ್ಯಾದೆ ಇದ್ದಿದ್ದರೆ ಎಷ್ಟೋ ಮನೆಗಳ ಜಗಳ ಹುಟ್ಟುತ್ತಲೇ ಇರಲಿಲ್ಲ.

ಹೇಳಲೇಬೇಕಾದ ಮಾತಿದ್ದರೆ ಇಬ್ಬರೂ ನಾಯಿಗೆ ಹೇಳುತ್ತಿದ್ದರು. ನಾಯಿಯ ಹೆಸರು ಶಾಶ್. "ಶಾಶ್, ಕುರಿದೊಡ್ಡಿ ಬಾಗಿಲು ಯಾರೋ ಸರಿಯಾಗಿ ಹಾಕಿಲ್ಲ ಕಣೋ" ಎಂದು ಮುದುಕಿ ಗೊಣಗಿದರೆ, ತಗಡಿನ ಮನೆಯಿಂದ ಡೆಲ್ಬರ್ಟ್ ಎದ್ದು ಹೊರಡುತ್ತಿದ್ದ.

ಆ ವರ್ಷ ಕ್ರಿಸ್‌ಮಸ್ ಹೊತ್ತಿಗೆ ರಾಜಧಾನಿಯಲ್ಲಿ ದೊಡ್ಡವರೆಲ್ಲ ಖರ್ಚಿನ ವಿಷಯಕ್ಕೆ ಕಚ್ಚಾಡಿಕೊಂಡು ಸರ್ಕಾರಕ್ಕೇ ಬೀಗ ಹಾಕಿದರು; ಹಣ ಮಂಜೂರಾಗುವವರೆಗೆ ಯಾರಿಗೂ ಸಂಬಳವಿಲ್ಲ. ನಮ್ಮ ಮುದುಕರು ಆ ಸರ್ಕಾರವನ್ನು ವಾಷಿಂಗ್ಟನ್ ಎಂದು, ದೂರದ ಊರಿನ ಒಬ್ಬ ಸಿಡುಕು ಮನುಷ್ಯನೇನೋ ಎಂಬಂತೆ ಕರೆಯುತ್ತಾರೆ. ಹಿಂದಿನವರಿಗೆ ಕಾಗದ ಬರೆದು ಮಾತು ಕೊಟ್ಟವನು ಅವನೇ: ನೆಲ ನನಗಿರಲಿ, ರಸ್ತೆ, ಆಸ್ಪತ್ರೆ, ಶಾಲೆ ನಾನು ನೋಡಿಕೊಳ್ಳುತ್ತೇನೆ ಎಂದಿದ್ದ. ನೆಲ ತೆಗೆದುಕೊಳ್ಳುವಾಗ ಅವನು ಒಂದು ದಿನವೂ ರಜೆ ಹಾಕಿರಲಿಲ್ಲ.

ರಸ್ತೆ ಶೆಡ್ಡಿನ ಮೇಲ್ವಿಚಾರಕ ರೂಬೆನ್, ಡೆಲ್ಬರ್ಟನ ಮುಂದೆ ಕೈಚಾಚಿದ.

"ಕೀ ಕೊಡಪ್ಪಾ. ನಾಳೆಯಿಂದ ಬರ್ಬೇಡ."

"ಹಿಮ ಬಿದ್ರೆ?"

"ಬೀಳ್ಲಿ. ಅದಕ್ಕೆ ಯಾರೂ ಸಂಬಳ ಕೊಡಬೇಕಾಗಿಲ್ಲ."

"ನಂಗೂ ಬೇಡ ಬಿಡು. ಸುಮ್ನೆ ಬಂದು ತಳ್ಳಿ ಹೋಗ್ತೀನಿ."

"ಪುಕ್ಕಟೆ ಮಾಡೋದೂ ತಪ್ಪು ಮಾರಾಯ. ಕಾನೂನೇ ಇದೆ. ಸಿಕ್ಕಿಹಾಕ್ಕೊಂಡ್ರೆ ನನ್ನ ಕೆಲ್ಸಾನೂ ಹೋಗುತ್ತೆ, ನಿಂದೂ ಹೋಗುತ್ತೆ. ಹೋಗಿ ಮನೇಲಿ ಕಾಫಿ ಕುಡಿ."

ಲೊರಿಂಡಾ ಚಿನ್ಲಿಯ ಸರ್ಕಾರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ರೋಗಿಗಳು ಉಪವಾಸ ಇರುವಂತಿಲ್ಲವಲ್ಲ, ಅವಳಿಗೆ ಬರಲೇಬೇಕೆಂದು ಅಪ್ಪಣೆಯಾಯಿತು, ಸಂಬಳ ಮಾತ್ರ ಇಲ್ಲ. ಮೇಲಿನ ರಸ್ತೆ ಹಿಮದಲ್ಲಿ ಮುಚ್ಚಿದ ಮೇಲೆ ಅವಳು ಚಿನ್ಲಿಯ ಅಕ್ಕನ ಮನೆಯಲ್ಲೇ ಉಳಿದಳು. ಫೋನಿನಲ್ಲಿ ನಗುತ್ತಿದ್ದಳು.

"ಇಬ್ರೂ ಒಬ್ಬನೇ ಯಜಮಾನನ ಹತ್ರ ದುಡಿಯೋರು. ನಿಂಗೆ ಬರಬೇಡ ಅಂದ, ನಂಗೆ ಹೋಗಬೇಡ ಅಂದ. ಕೊಡೋದ್ರಲ್ಲಿ ಮಾತ್ರ ಭೇದ ಮಾಡಲ್ಲ ನೋಡು."

"ಏನು ಕೊಡ್ತಾನೆ?"

"ಏನೂ ಇಲ್ಲ." ಆಮೇಲೆ ಅವಳ ದನಿ ಇಳಿಯಿತು. "ಅಮ್ಮಂಗೆ ನಿನ್ನೆ ಡಯಾಲಿಸಿಸ್ ತಪ್ಪಿದೆ. ನಾಳೇನೂ ತಪ್ಪಿದ್ರೆ ಕಷ್ಟ ಅಂದ್ರು ಡಾಕ್ಟ್ರು."

ದೇಸ್ಬಾಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಚಿನ್ಲಿಯಲ್ಲಿ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರಬೇಕು. ಕರೆದೊಯ್ಯುವ ವ್ಯಾನು ಡಾಂಬರು ರಸ್ತೆಯಿಂದ ಈಚೆಗೆ ಇಂಥ ಹಿಮದಲ್ಲಿ ಬರುವುದಿಲ್ಲ. ಡೆಲ್ಬರ್ಟ್ ಆಂಬುಲೆನ್ಸಿನವರಿಗೆ ಫೋನ್ ಮಾಡಿದ. ರಸ್ತೆ ತೆರೆದಿದೆಯಾ ಎಂದು ಕೇಳಿದರು.

"ಇಲ್ಲ."

"ರಸ್ತೆ ತೆರೆಯೋರಿಗೆ ಫೋನ್ ಮಾಡಿ ನೋಡಿ."

"ಆ ರಸ್ತೆ ತೆರೆಯೋನು ನಾನೇ" ಎಂದ ಡೆಲ್ಬರ್ಟ್. ಆ ಕಡೆಯವಳು ಕ್ಷಮಿಸಿ ಎಂದಳು. ಅವಳಿಗೂ ಆ ತಿಂಗಳ ಸಂಬಳ ಬರುವ ಭರವಸೆ ಇರಲಿಲ್ಲ.

ಬೆಳಿಗ್ಗೆ ಹೋಗನ್ನಿನಿಂದ ಹೊಗೆ ತಡವಾಗಿ ಎದ್ದಿತು. ಡೆಲ್ಬರ್ಟ್ ಅಂಗಳಕ್ಕೆ ಬಂದು ಕೇಳಿಸುವಂತೆ, "ಶಾಶ್, ಇವತ್ತು ಚಿನ್ಲಿಗೆ ಹೋಗೋದಿದೆ ಕಣೋ" ಎಂದ.

"ಶಾಶ್, ಕಾಲು ಊದಿ ಬೂಟು ಹೋಗ್ತಿಲ್ಲ ಅಂತ ಹೇಳು" ಎಂದಿತು ಒಳಗಿನ ದನಿ. ನಡುನಡುವೆ ಉಸಿರಿಗೆ ತಡವರಿಸುತ್ತಿತ್ತು. "ರಸ್ತೆ ಎಲ್ಲಿದೆ ಅಂತಾನೂ ಕೇಳು."

ಡೆಲ್ಬರ್ಟನಿಗೆ ಭಯವಾಯಿತು. ಅವನು ಭಯಪಟ್ಟದ್ದನ್ನು ನಾವ್ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲ. ಇದನ್ನು ಆಮೇಲೆ ಅವನೇ ಹೇಳಿದ್ದು. ಪಿಕಪ್ಪಿನ ಚಕ್ರಗಳಿಗೆ ಸರಪಳಿ ಬಿಗಿದು, ಬಾಗಿಲು ತೆರೆದಿಟ್ಟು, ಒಳಗಿನ ಕನ್ನಡಿಯನ್ನು ಚಾವಣಿಯ ಕಡೆ ತಿರುಗಿಸಿ, ದೊಡ್ಡಿಯ ಕಡೆ ಮುಖ ಮಾಡಿ ನಿಂತ. ಗೆಜ್ಜೆ ಸದ್ದು ಬಂತು, ನಿಂತಿತು, ಮತ್ತೆ ಬಂತು. ಅಂಗಳ ದಾಟಲು ಮುದುಕಿ ತೆಗೆದುಕೊಂಡ ಹೊತ್ತಿನಲ್ಲಿ ಅವನ ಮೀಸೆಯ ಮೇಲೆ ಹಿಮ ಕಟ್ಟಿತು. ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ಅವಳು ಕೂತ ಮೇಲೆ ಅವನು ಹತ್ತಿದ. ನಡುವೆ ಶಾಶ್ ಕೂತಿತು.

ಇಳಿಜಾರಿನವರೆಗೆ ಗಾಡಿ ಹೇಗೋ ಹೋಯಿತು. ರಸ್ತೆ ಕಾಣದಿದ್ದರೂ ಅದರ ಉಬ್ಬುತಗ್ಗು ಡೆಲ್ಬರ್ಟನ ಸೊಂಟಕ್ಕೆ ಗೊತ್ತಿತ್ತು. ಮರಳುಹಳ್ಳದ ಹತ್ತಿರ ಮಾತ್ರ ಗಾಳಿ ಹಿಮವನ್ನು ತಂದು ರಾಶಿ ಹಾಕಿತ್ತು. ಗ್ರೇಡರ್ ಆಗಿದ್ದರೆ ಒಂದು ಸಲ ತಳ್ಳಿದರೆ ಮುಗಿಯುವ ಕೆಲಸ. ಪಿಕಪ್ ಮೂತಿ ತೂರಿಸಿ ನಿಂತುಬಿಟ್ಟಿತು. ಹಳ್ಳದ ಆಚೆ ಏರಿನ ಮೇಲೆ ಡಾಂಬರು ರಸ್ತೆ, ಅಲ್ಲಿ ಅವನು ಫೋನ್ ಮಾಡಿ ಕರೆಸಿದ್ದ ವ್ಯಾನಿನ ದೀಪ.

"ಶಾಶ್, ಇನ್ನು ನಡೀಬೇಕು. ನಾನು ಬೆನ್ನು ಕೊಟ್ಟು ಕೂತ್ಕೋತೀನಿ, ಹತ್ತೋರು ಹತ್ತಲಿ."

"ಹತ್ತೋಕೆ ನಾನೇನು ಕೂಸಾ ಅಂತ ಕೇಳು, ಶಾಶ್."

"ಕೂಸಾಗಿದ್ರೆ ಇಷ್ಟು ಹಟ ಮಾಡ್ತಿರ್ಲಿಲ್ಲ ಅಂತ ಹೇಳು."

ಒಳಗಿನಿಂದ ಕೆಮ್ಮೋ ನಗುವೋ ತಿಳಿಯದ ಸದ್ದು ಬಂತು. ಡೆಲ್ಬರ್ಟ್ ಬಾಗಿಲಿಗೆ ಬೆನ್ನು ಮಾಡಿ ಹಿಮದಲ್ಲಿ ಕುಕ್ಕರುಗಾಲಲ್ಲಿ ಕೂತ. ಹೆಗಲ ಮೇಲೆ ಎರಡು ಕೈ ಬಂದವು. ಎದ್ದು ನಿಂತಾಗ ಅವನಿಗೆ ಆಶ್ಚರ್ಯವಾಯಿತು. ಆ ಗದರಿಕೆ, ಆ ದನಿ ಕೇಳಿ ಅವನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದದ್ದು ಗಟ್ಟಿಮುಟ್ಟಾದ ಹೆಂಗಸನ್ನು. ಬೆನ್ನ ಮೇಲಿದ್ದುದು ಒಂದು ಹಿಡಿ ಮೂಳೆ, ಒಂದು ಕಂಬಳಿ. ಸಂಕಟವಾಯಿತು.

ಹಳ್ಳದ ನಡುವೆ ಮೊಲವೊಂದು ಎದ್ದು ಓಡಿತು. ಶಾಶ್ ಹಿಂದೆಮುಂದೆ ನೋಡದೆ ಅದರ ಬೆನ್ನು ಹತ್ತಿ ಬೆಟ್ಟದ ಕಡೆ ಮಾಯವಾಯಿತು. ಈಗ ಮಾತಾಡಬೇಕೆಂದರೆ ಯಾರಿಗೆ ಹೇಳುವುದು? ಡೆಲ್ಬರ್ಟನ ಕಾಲು ತೊಡೆಯವರೆಗೆ ಹೂತು, ಮತ್ತೆ ಎದ್ದು, ಮತ್ತೆ ಹೂತಿತು.

"ಅಳಿಯಂದ್ರೇ" ಎಂದಳು ದೇಸ್ಬಾ.

ಅವನು ನಿಂತುಬಿಟ್ಟ.

"ನಿಮ್ಗೆ ಏದುಸಿರು ಬರ್ತಿದೆ. ಇಳಿಸಿಬಿಡಿ."

"ನಿಮ್ಗೂ ಹಾಗೇ ಬರ್ತಿದೆ, ಅತ್ತೆ. ಸುಮ್ನಿರಿ."

"ಬಿಟ್ಟು ಹೋದ್ರೂ ನಾನೇನೂ ಬೇಜಾರು ಮಾಡ್ಕೊಳಲ್ಲ. ವಾಷಿಂಗ್ಟನ್ನೇ ಬಿಟ್ಟು ಹೋಗಿದ್ದಾನೆ."

"ನಾನು ವಾಷಿಂಗ್ಟನ್ ಅಲ್ಲ" ಎಂದ ಡೆಲ್ಬರ್ಟ್. ದನಿ ಒರಟಾಗಿ ಬಂತು. ಬೆನ್ನ ಮೇಲಿನ ಕೈ ಅವನ ಕೊರಳಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು.

ವ್ಯಾನಿನ ಚಾಲಕ ಟ್ರೂಮನ್ ಕೆಳಗೆ ಅರ್ಧ ದಾರಿ ಇಳಿದು ಬಂದು ಮುದುಕಿಯನ್ನು ಎತ್ತಿಕೊಂಡ. ಡೆಲ್ಬರ್ಟ್ ಬೆಟ್ಟದ ಕಡೆ ಮುಖ ಮಾಡಿ ನಿಂತ.

"ನೀನೂ ಒಳಗೆ ಬಾರೋ, ಚಳಿಗೆ ಸೆಟೆದುಹೋಗ್ತೀಯ."

"ಜಾಗ ಇಲ್ಲ."

ವ್ಯಾನು ಪೂರ್ತಿ ಖಾಲಿಯಿತ್ತು. ಟ್ರೂಮನ್ ಒಮ್ಮೆ ವ್ಯಾನನ್ನು, ಒಮ್ಮೆ ಅವನ ಬೆನ್ನನ್ನು ನೋಡಿ, ಅರ್ಥವಾದವನಂತೆ ಬಾಗಿಲು ಹಾಕಿಕೊಂಡು ಹೊರಟ. ಡೆಲ್ಬರ್ಟ್ ಹಗಲೆಲ್ಲ ಸಲಿಕೆಯಿಂದ ಪಿಕಪ್ ಬಿಡಿಸಿ, ಹಿಂದಕ್ಕೆ ತಿರುಗಿಸಿಟ್ಟು, ಸಂಜೆ ವ್ಯಾನು ಬಂದಾಗ ಹಾಗೆಯೇ ಬೆನ್ನು ಕೊಟ್ಟು ಅತ್ತೆಯನ್ನು ಮನೆಗೆ ತಂದ. ಬರುವಾಗ ಅವಳ ಉಸಿರು ಹಗುರಾಗಿತ್ತು, ಬೈಗುಳ ಜೋರಾಗಿತ್ತು. ಬೈಸಿಕೊಂಡದ್ದು ಮೊಲ ಸಿಗದೆ ವಾಪಸು ಬಂದಿದ್ದ ನಾಯಿ.

ರೂಬೆನ್ ವಿಷಯ ಕೇಳಿ ಫೋನ್ ಮಾಡಿದ. "ರಸ್ತೆ ಮೇಲೆ ಸಲಿಕೆ ಹಿಡಿದಿದ್ದೆಯಂತೆ? ನನ್ನ ಕುತ್ತಿಗೆಗೆ ತರ್ಬೇಡ ಮಾರಾಯ."

"ನನ್ನ ಗಾಡಿ ಬಿಡಿಸ್ಕೊಂಡೆ, ಅಷ್ಟೇ. ರಸ್ತೆ ಹೇಗಿತ್ತೋ ಹಾಗೇ ಇದೆ. ಬೇಕಾದ್ರೆ ಬಂದು ನೋಡು."

"ಬರೋಕೆ ರಸ್ತೆ ಎಲ್ಲಿದೆ?" ಎಂದು ರೂಬೆನ್ ಬೇಸರದಿಂದ ನಕ್ಕ. ಮುಂದಿನ ತಿಂಗಳು ಸರ್ಕಾರ ಮನೆಮನೆಗೆ ಹಂಚುವ ಡಬ್ಬಿ ಆಹಾರ, ಹಿಟ್ಟು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲವೆಂದೂ, ಬೀಗ ಯಾವಾಗ ತೆಗೆಯುತ್ತಾರೆಂದು ತನ್ನನ್ನು ಕೇಳಬೇಡವೆಂದೂ ಹೇಳಿ ಫೋನ್ ಇಟ್ಟ.

ನಡುವಿನ ದಿನ ಮತ್ತೆ ಹಿಮ ಬಿತ್ತು. ಅದರ ಮಾರನೆಯ ಬೆಳಿಗ್ಗೆ ಡೆಲ್ಬರ್ಟ್ ಕಾಫಿ ಕುಡಿಯುತ್ತಿದ್ದಾಗ ಹೊರಗೆ ಗೆಜ್ಜೆ ಸದ್ದು ಕೇಳಿತು. ರೂಢಿಯಂತೆ ಗೋಡೆಗೆ ತಿರುಗಿದ. ಸದ್ದು ಬಾಗಿಲ ಹತ್ತಿರವೇ ನಿಂತಿತು. ಯಾರೂ ನಾಯಿಯನ್ನು ಕರೆಯಲಿಲ್ಲ.

"ಅಳಿಯಂದ್ರೇ, ಹೊತ್ತಾಯ್ತು" ಎಂದಳು ದೇಸ್ಬಾ.

ಡೆಲ್ಬರ್ಟ್ ಲೋಟ ಇಟ್ಟು ಕೋಟು ಹಾಕಿಕೊಂಡ. ಆಮೇಲೆ ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ ಬಾಗಿಲು ದಾಟಿ ಹೊರಗೆ ಬಂದು, ಅವಳ ಮುಂದೆ ಬೆನ್ನು ಬಾಗಿಸಿ ಕೂತ.