ಪೆಟ್ಟಿಗೆಯೊಳಗಿನ ದೀಪಕ್ಕೆ ಆರತಿ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಬೇಕೆಂದು ಕುಳಿತಿದ್ದೇನೆ. ಈ ಕೆಲವು ತಿಂಗಳಲ್ಲಿ ಮನಸ್ಸಿನೊಳಗೆ ಅದನ್ನು ಬೇರೆ ಬೇರೆ ರೀತಿ ನಡೆಸಿ ನೋಡಿ ದಣಿದಿದ್ದೇನೆ.

ಬೆಟಗೇರಿಯ ಈ ಮನೆ ನಾವು ಕಟ್ಟಿಸಿದ್ದಲ್ಲ. ಹತ್ತಿಯ ವ್ಯಾಪಾರಿಯೊಬ್ಬರು ಕಟ್ಟಿಸಿ, ಊರು ಬಿಡುವಾಗ ನಮಗೆ ಮಾರಿದರು. ಮನೆಯ ಜೊತೆಗೇ ಬಂದದ್ದು ಅಡುಗೆಮನೆಯ ಹಿಂದಿನ ಸಣ್ಣ ಖೋಲಿಯಲ್ಲಿರುವ ಎ.ಸಿ. ಯಂತ್ರ. ಕಪಾಟಿನಷ್ಟು ದೊಡ್ಡದು. ಅದರಿಂದ ಹೊರಟ ತಗಡಿನ ಕೊಳವೆಗಳು ಪಡಸಾಲೆಗೂ ಮಲಗುವ ಕೋಣೆಗಳಿಗೂ ತಂಪು ಗಾಳಿ ಒಯ್ಯುತ್ತವೆ. ಯಂತ್ರದೊಳಗೆ ಏನಿರುತ್ತದೋ ಅದು ಮನೆಯವರೆಲ್ಲರ ಮೂಗಿಗೂ ಬರುತ್ತದೆ.

ಮನೆಯವರೆಂದರೆ ಮೂವರು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಹತ್ತಿಯ ಧೂಳು ನುಂಗಿ ಎದೆ ಕೆಡಿಸಿಕೊಂಡ ನನ್ನ ಯಜಮಾನರು. ಮತ್ತು ಅವರ ತಾಯಿ. ಅತ್ತೆಯ ತವರು ಬೆಳ್ಳಟ್ಟಿ, ವಯಸ್ಸು ಎಂಬತ್ತು ದಾಟಿದೆ. ಬಲಗಣ್ಣು ಹೋಗಿ ಬಹಳ ವರ್ಷವಾಯಿತು. ಉಳಿದ ಎಡಗಣ್ಣಿನಲ್ಲೇ ಹಳೆಯ ಸೀರೆಗಳನ್ನು ಪದರ ಪದರ ಹಾಸಿ ಕೌದಿ ಹೊಲಿಯುತ್ತಾರೆ. ಕನ್ನಡಕ ಹಾಕುವುದು ಸೂಜಿ ಹಿಡಿದಾಗ ಮಾತ್ರ.

ಕಳೆದ ಮಳೆಗಾಲದಲ್ಲಿ ಯಂತ್ರ ಹಚ್ಚಿದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ ಬರತೊಡಗಿತು. ಯಜಮಾನರ ಕೆಮ್ಮು ಹೆಚ್ಚಾಯಿತು. ಡಾಕ್ಟರು ಮೊದಲು ಯಂತ್ರ ಸ್ವಚ್ಛ ಮಾಡಿಸಿ ಎಂದರು. ಎ.ಸಿ. ರಿಪೇರಿಯವನನ್ನು ಕರೆಸಿದೆ. ಲಕ್ಷ್ಮೇಶ್ವರದವನು, ನನ್ನ ಹಳೆಯ ವಿದ್ಯಾರ್ಥಿ, ಈಗ ನಲವತ್ತರ ಹತ್ತಿರದ ಗೃಹಸ್ಥ. ಮುಚ್ಚಳ ಬಿಚ್ಚಿ ತೋರಿಸಿದ. ಗಾಳಿ ತಂಪಾಗುವ ತಾಮ್ರದ ಸುರುಳಿಯ ಮೇಲೆ ಕಪ್ಪು ಲೋಳೆ ಕೂತಿತ್ತು.

“ತೊಳೀತೀನ್ರಿ ಅಕ್ಕೋರ. ಆದ್ರ ಮುಂದಿನ ಮಳಿಗಾಲಕ್ಕ ಮತ್ತ ಹಿಂಗ ಆಗ್ತೈತಿ. ಒಳಗೊಂದು ಯು.ವಿ. ಲೈಟ್ ಕುಂಡ್ರಸ್ರಿ, ಬೂಷ್ಟು ಹಿಡಿಯೂದು ನಿಲ್ತೈತಿ.”

“ನನ್ನ ಕೆಮ್ಮು ನಿಲ್ತೈತೇನು, ಅದನ್ನ ಹೇಳಪಾ,” ಎಂದರು ಯಜಮಾನರು.

“ಅದನ್ನ ಡಾಕ್ಟರ್ ಹೇಳ್ಬೇಕ್ರಿ ಸರ. ಧೂಳಂತೂ ಇದರಿಂದ ಹೋಗಂಗಿಲ್ಲ. ಫಿಲ್ಟರ್ ನೀವ ತೊಳೀಬೇಕು.”

ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ದೀಪ ತರಿಸಲು ತಡವಾಯಿತು. ಶಿವರಾತ್ರಿ ಮುಗಿದ ಮೇಲೆ, ಅತ್ತೆ ಹೇಳಿದ ಸೋಮವಾರ, ಬೆಳಗಿನ ಹನ್ನೊಂದರ ಸುಮಾರಿಗೆ ಅವನು ಅದನ್ನು ತಂದ. ಒಂದೂವರೆ ಅಡಿಯ ಸಪೂರ ಗಾಜಿನ ಕೊಳವೆ. ಕೈಗವಸು ಹಾಕಿಕೊಂಡೇ ಹಿಡಿದ. ಬೆರಳಿನ ಜಿಡ್ಡು ತಾಗಿದರೆ ಗಾಜು ಕೆಡುತ್ತದಂತೆ. ಅವನು ಕೂರಿಸುತ್ತಿರುವಾಗಲೇ ಅತ್ತೆ ತಟ್ಟೆ ಹಿಡಿದು ಬಂದರು. ವಿಭೂತಿ, ಕುಂಕುಮ, ಕಾಯಿ, ಆರತಿ. ನಮ್ಮ ಮನೆಗೆ ಯಾವ ಯಂತ್ರ ಬಂದರೂ ಪೂಜೆಯಾಗದೆ ಕೆಲಸ ಮಾಡುವುದಿಲ್ಲ. ಹೊಲಿಗೆ ಯಂತ್ರಕ್ಕೂ ಆಯಿತು, ಮಿಕ್ಸರಿಗೂ ಆಯಿತು. ಅವನು ಏನಾದರೂ ಹೇಳುವ ಮೊದಲೇ ಅತ್ತೆ ಗಾಜಿನ ನಟ್ಟನಡುವೆ ಕುಂಕುಮ ಒತ್ತಿದರು.

“ಅಮ್ಮಾರ, ಗಾಜಿಗೆ ಬ್ಯಾಡ್ರಿ.”

“ಮತ್ತ ನಿನ್ನ ಹಣಿಗೆ ಹಚ್ಚಲೇನು?”

ಅವನು ನಕ್ಕು, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಗಾಜು ಒರೆಸಿದ. ಅತ್ತೆ ಪಕ್ಕದ ತಗಡಿಗೆ ಹಚ್ಚಿದರು. ಅವನು ಮುಚ್ಚಳ ಮುಚ್ಚಿ ಸ್ವಿಚ್ ಒತ್ತಿದ. “ಆತ್ರಿ. ಉರಿಯಾಕತ್ತೈತಿ.”

“ಎಲ್ಲಿ? ಒಳಗ ಉರಿತೈತೋ ಮಲಗೈತೋ ಯಾರಿಗೆ ಗೊತ್ತು? ಆರತಿ ಎತ್ತೂದು ಉರಿಯೋ ದೀಪಕ್ಕ, ತಮ್ಮಾ. ಮುಚ್ಚಿದ ಡಬ್ಬಿಗಲ್ಲ.”

“ಮುಚ್ಚಳ ತೆಗದ ಕೂಡ್ಲೆ ಆರ್ತೈತ್ರಿ ಅದು. ಮುಚ್ಚಳ ಕುಂಡ್ರೂ ಅಂಚಿಗೆ ಬಟನ್ ಐತಿ ನೋಡ್ರಿ, ಅದನ್ನ ಒತ್ತಿ ಹಿಡದ್ರ ಅಷ್ಟ ಉರಿತೈತಿ. ಆದ್ರ ಆ ಬೆಳಕು ನೋಡಬಾರದ್ರಿ.”

ಅವನು ನನ್ನ ಮುಖ ನೋಡಿದ. ಅತ್ತೆಯೂ ನೋಡಿದರು. ಆಗ ನಾನು ಹೇಳಿದ್ದು ಮೂರು ಶಬ್ದ: “ಒಂದು ನಿಮಿಷ ತೋರಸು.”

ಶಾಲೆಯಲ್ಲಿ ಕಲಿಸಿದ ಅಕ್ಕೋರು ಹೇಳಿದ ಮೇಲೆ ಮುಗಿಯಿತು. ಅವನು ಬಟನ್ ಮೇಲೆ ಟೇಪ್ ಬಿಗಿದ. ತಿಳಿನೀಲಿ ಬೆಳಕು ಬಂತು, ಕಣ್ಣು ಕುಕ್ಕುವಂಥದ್ದಲ್ಲ, ನೋಡಲು ಹಿತವಾಗಿಯೇ ಇತ್ತು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತ. ಅತ್ತೆ ಒಂದು ಮೊಳ ದೂರದಲ್ಲಿ, ನನ್ನ ಪಕ್ಕದಲ್ಲೇ ನಿಂತು ಆರತಿ ಎತ್ತಿದರು, ಹಾಡತೊಡಗಿದರು. ಆ ಹಾಡಿಗೆ ಐದು ನುಡಿ.

ಮೊದಲ ನುಡಿ ಮುಗಿದಾಗ ತಡೆಯಬಹುದಿತ್ತು. ಎರಡನೆಯದು ಮುಗಿದಾಗಲೂ ಬಾಯಿ ತೆರೆದು ಮುಚ್ಚಿದೆ. ಆರತಿ ನಡುವೆ ಮಾತಾಡಿದವರನ್ನು ಈ ಮನೆಯಲ್ಲಿ ನಾನು ಕಂಡಿಲ್ಲ. ಯು.ವಿ. ಎಂದರೆ ಅತಿನೇರಳೆ ಕಿರಣ; ಅದನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು. ಅದು ಕಣ್ಣನ್ನು ಸುಡುತ್ತದೆ, ಕನ್ನಡಕದಂಥ ಸಾಮಾನ್ಯ ಗಾಜು ಅದನ್ನು ತಡೆಯುತ್ತದೆ ಎಂದೂ ಹೇಳಿಕೊಟ್ಟಿದ್ದೆ. ಆಗ ನನ್ನ ಕನ್ನಡಕ ನನ್ನ ಕಣ್ಣ ಮೇಲಿತ್ತು. ಅತ್ತೆಯದು ಕೌದಿಯ ಬುಟ್ಟಿಯಲ್ಲಿತ್ತು. ಅಡುಗೆಮನೆಯ ಗಡಿಯಾರದಲ್ಲಿ ಆರು ನಿಮಿಷ ಕಳೆಯಿತು.

ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿದರು. ಸಂಜೆ ಐದಕ್ಕೆ ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಬಂದರು.

“ಕಣ್ಣಾಗ ಉಸುಕು ಬಿದ್ದಾಂಗ ಆಗೈತಿ, ಯವ್ವಾ.”

“ಖಾರದ ಕೈಲೆ ಒರಸ್ಕೊಂಡಿರ್ತಿ ಅವ್ವಾ. ತಣ್ಣೀರಾಗ ತೊಳಿ,” ಎಂದರು ಯಜಮಾನರು.

“ನೀ ಹುಟ್ಟೂಕಿಂತ ಮೊದಲಿಂದ ಮೆಣಸಿನಕಾಯಿ ಮುರದೀನಿ. ಯಾವ ಕೈಲೆ ಕಣ್ಣ ಒರಸ್ಕೋಬೇಕು ನನಗ ಕಲಸಬ್ಯಾಡ.”

ನಾನೂ ಖಾರವೇ ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳಲು ನೋಡಿದೆ. ಮುಖ ತೊಳೆಯಲು ಹೋದಾಗ ನನ್ನ ಹಣೆ ಉರಿಯಿತು. ಕನ್ನಡಿಯಲ್ಲಿ ಹಣೆ, ಕೆನ್ನೆ ಕೆಂಪು. ಕನ್ನಡಕದ ಗಾಜಿನ ಹಿಂದಿನ ಜಾಗ ಮಾತ್ರ ಮೊದಲಿನ ಬಣ್ಣದಲ್ಲೇ ಇತ್ತು. ಅತ್ತೆಯ ಮುಖದ ಕೆಂಪು ಹಿತ್ತಲ ಬಿಸಿಲಿನದಲ್ಲ ಎಂದು ಆಗ ತಿಳಿಯಿತು. ಮುಖ ಒರೆಸದೆಯೇ ಹೊರಗೆ ಬಂದು ಯಜಮಾನರಿಗೆ ಆಟೋ ಕರೆಯಲು ಹೇಳಿದೆ.

ಆಟೋದಲ್ಲಿ ಗದಗಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ಹನಿ ಹಾಕಿ, ದೀಪ ಹಿಡಿದು ನೋಡಿ, “ಮನ್ಯಾಗ ವೆಲ್ಡಿಂಗ್ ಏನರ ನಡದಿತ್ತೇನ್ರಿ?” ಎಂದು ಕೇಳಿದರು. ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದು ನಾನು ಎಲ್ಲವನ್ನೂ ಹೇಳಿದೆ.

“ಕಣ್ಣಿನ ಮೇಲಿನ ಪದರ ಸುಟ್ಟೈತಿ. ಎರಡ-ಮೂರ ದಿನದಾಗ ಬಹಳ ಮಂದಿಗೆ ವಾಸಿ ಆಗ್ತೈತಿ. ಇವ್ರಿಗೆ ಇರೂದ ಒಂದ ಕಣ್ಣು, ವಯಸ್ಸೂ ಆಗೈತಿ. ಮೂರನೇ ದಿನಕ್ಕೂ ಮಬ್ಬ ಕಂಡ್ರ ಕರಕೊಂಡ ಬರ್ರಿ. ತಿಕ್ಕಾಕ ಬಿಡಬ್ಯಾಡ್ರಿ.”

ಎರಡು ದಿನ ಅತ್ತೆ ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತರು. ಕೈ ಹಿಡಿದು ಬಚ್ಚಲಿಗೆ ಕರೆದೊಯ್ದೆ, ತುತ್ತು ಮಾಡಿ ಉಣಿಸಿದೆ. ಒಮ್ಮೆ ಅವರು, ಯಾರಿಗೋ ಹೇಳುವಂತೆ, “ನಾಕನೇ ನುಡಿ ಮರತು ಎರಡನೇದ್ದನ್ನ ಎರಡ ಸಲ ಹಾಡಿಬಿಟ್ಟೆ. ಅದಕ್ಕ ಹಿಂಗಾತು,” ಎಂದರು.

ನಾನು ಹನಿಯ ಬಾಟಲಿ ಹಿಡಿದು ನಿಂತಿದ್ದೆ. ಹೇಳಬೇಕಿತ್ತು. ಹೇಳಲಿಲ್ಲ. ಕಣ್ಣು ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಬಾರದೆ ಹೋದರೆ ಎಂಬುದನ್ನು ಯೋಚಿಸುವ ಶಕ್ತಿ ಇರಲಿಲ್ಲ.

ಸುದ್ದಿ ತಿಳಿದು ಆ ಲಕ್ಷ್ಮೇಶ್ವರದವನು ಮರುದಿನವೇ ಬಂದ. ಅಂಗಳದಲ್ಲೇ ನಿಂತ.

“ನಂದ ತಪ್ಪು ಅಕ್ಕೋರ. ಟೇಪ್ ಹಚ್ಚಬಾರದಿತ್ತು.”

“ಹಚ್ಚು ಅಂದಾಕಿ ನಾನು. ಇದನ್ನ ಸಾಲ್ಯಾಗ ಕಲಿಸಿದಾಕಿನೂ ನಾನ.”

“ನನಗ ನೆನಪಿಲ್ರಿ. ನೀವು ನನ್ನ ಹೊರಗ ನಿಲ್ಲಿಸಿದ ದಿನಾ ಕಲಿಸಿದ್ರೇನೋ.”

ಇಬ್ಬರಿಗೂ ನಗು ಬರಲಿಲ್ಲ. ದೀಪ ತೆಗೆಯಲೇ ಎಂದು ಕೇಳಿದ. ಟೇಪ್ ತೆಗೆ, ದೀಪ ಇರಲಿ ಎಂದೆ. ಅವನು ಮುಚ್ಚಳವನ್ನು ಮೂರು ಸಲ ತೆರೆದು, ಪ್ರತಿ ಸಲವೂ ದೀಪ ಆರುವುದನ್ನು ಖಾತ್ರಿ ಮಾಡಿಕೊಂಡು ಹೋದ.

ಮೂರನೆಯ ದಿನ ಬೆಳಿಗ್ಗೆ ಬಟ್ಟೆ ಬಿಚ್ಚಿದೆ. ಅತ್ತೆ ಬಹಳ ಹೊತ್ತು ರೆಪ್ಪೆ ಬಡಿದರು. ಕಿಟಕಿ ನೋಡಿದರು, ಗೋಡೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ನಿನ್ನ ಹಣಿಗೇನಾತು? ಸಿಪ್ಪಿ ಎದ್ದೈತಲ್ಲ.”

ಸಿಪ್ಪೆಯಷ್ಟು ಸಣ್ಣದು ಕಂಡಿತೆಂದರೆ ಕಣ್ಣು ಉಳಿಯಿತು. ಅವರ ಕಾಲ ಹತ್ತಿರ ನೆಲದ ಮೇಲೆ ಕೂತು, ಬೆಳಕಿನ ವಿಷಯ, ಕನ್ನಡಕದ ವಿಷಯ, ಟೇಪಿನ ವಿಷಯ, ಒಂದೊಂದಾಗಿ ಹೇಳಿದೆ.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಮತ್ತ ಯಾಕ ಹೇಳಲಿಲ್ಲ?”

“ಆರತಿ ನಡುವ ಹೆಂಗ ತಡೀಲ್ರಿ ಅತ್ತಿ.”

“ಹುಚ್ಚಿ. ಉಳದ ನುಡಿ ಮರುದಿನ ಹಾಡತಿದ್ದೆ.” ಆಮೇಲೆ ದನಿ ಏರಿಸದೆ ಹೇಳಿದರು: “ಎರಡ ದಿನಾ ನನ್ನ ಹಾಡ ತಪ್ಪಿತಂತ ಕುಂತಿದ್ದೆ. ಅದನ್ನರ ಹೇಳಬೇಕಿತ್ತು ನೀ.”

ಬಿಚ್ಚಿದ ಬಟ್ಟೆ ಮಡಚಿಟ್ಟು, ಅವರ ಕಣ್ಣಿಗೆ ಬೆಳಗಿನ ಹನಿ ಹಾಕಿದೆ.

ದೀಪ ಉರಿಯುತ್ತಿದೆ. ಒದ್ದೆ ಗೋಣಿಚೀಲದ ವಾಸನೆ ಹೋಗಿದೆ. ಯಜಮಾನರ ಕೆಮ್ಮು ಹೋಗಿಲ್ಲ, ಒಂದಿಷ್ಟು ಇಳಿದಿದೆ ಎಂದು ಅವರು ಹೇಳುತ್ತಾರೆ, ನನ್ನ ಸಮಾಧಾನಕ್ಕೂ ಇರಬಹುದು. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುತ್ತೇನೆ. ಅತ್ತೆ ಮತ್ತೆ ಕೌದಿ ಹಿಡಿದಿದ್ದಾರೆ. ಪ್ರತಿ ಸೋಮವಾರ, ಮುಚ್ಚಿದ ಮುಚ್ಚಳಕ್ಕೇ ಕುಂಕುಮ ಹಚ್ಚಿ, “ಒಳಗ ಉರಿತೈತೇನು?” ಎಂದು ಕೇಳುತ್ತಾರೆ. ಹೊರಗಡೆ, ರಿಪೇರಿಯವನು ಆಮೇಲೆ ಕೂರಿಸಿಕೊಟ್ಟ ಒಂದು ಸಣ್ಣ ಹಸಿರು ಚುಕ್ಕೆ ಬೆಳಗುತ್ತಿರುತ್ತದೆ, ದೀಪ ಉರಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಅದನ್ನು ನೋಡಿ, ಉರಿತೈತ್ರಿ ಎನ್ನುತ್ತೇನೆ. ಮೊದಲಾಗಿದ್ದರೆ ನನ್ನ ಮಾತು ಸಾಕಾಗುತ್ತಿತ್ತು. ಈಗ ಅವರು ಬುಟ್ಟಿಯಿಂದ ಕನ್ನಡಕ ತೆಗೆದು ಹಾಕಿಕೊಂಡು, ಸೊಂಟ ಹಿಡಿದು ಬಗ್ಗಿ, ತಾವೇ ನೋಡುತ್ತಾರೆ.