ಐದನೆಯ ಕುರ್ಚಿ ಮತ್ತು ಏಣಿ ಹತ್ತುವ ದೆವ್ವ

ಶಂಕರಪಾಳಿಯ ಒಂದು ಬದಿ ಒಂದೂವರೆ ಸೆಂಟಿಮೀಟರ್ ಇದ್ದರೆ ಅದು ಎಣ್ಣೆಯಲ್ಲಿ ಸಮವಾಗಿ ಉಬ್ಬುತ್ತದೆ. ಎರಡಾದರೆ ಒಳಗೆ ಹಸಿ ಉಳಿಯುತ್ತದೆ. ಶಾಲೆಯಲ್ಲಿದ್ದಾಗ ಒಮ್ಮೆ ಸ್ಕೇಲು ಹಿಡಿದು ಅಳೆದಿದ್ದೆ. ಅವ್ವ ಅಳೆಯದೆಯೇ ಅಷ್ಟಕ್ಕೇ ಕತ್ತರಿಸುತ್ತಾಳೆ, ಅದೂ ಟಿವಿ ನೋಡುತ್ತ.

ಟಿವಿ ನೋಡುತ್ತ ಫರಾಳ, ಅಂದರೆ ದೀಪಾವಳಿಯ ತಿಂಡಿ, ಮಾಡುವುದು ನಮ್ಮ ಮನೆಯ ಪದ್ಧತಿ. ಅಪ್ಪ ಬ್ಯಾಂಕಿನ ಕೆಲಸದಲ್ಲಿ ವರ್ಗಾವಣೆಯಾಗಿ ಕಲಬುರಗಿಯಿಂದ ಛತ್ರಪತಿ ಸಂಭಾಜಿನಗರಕ್ಕೆ ಬಂದ ವರ್ಷದಿಂದ ಇದು ನಡೆದಿದೆ. ದೀಪಾವಳಿಗೆ ಒಂದು ವಾರ ಇರುವಾಗ ಹಾಲ್‌ನಲ್ಲಿ ಹಳೆಯ ಪೇಪರು ಹಾಸುತ್ತೇವೆ. ಮಧ್ಯಾಹ್ನ ಮೂರಕ್ಕೆ ಸಿನಿಮಾ ಹಾಕುತ್ತೇವೆ. ಅದು ಮುಗಿಯುವಷ್ಟರಲ್ಲಿ ಎರಡು ಡಬ್ಬಿ ತುಂಬಿರಬೇಕು. ಅಡುಗೆಮನೆಗೂ ಹಾಲ್‌ಗೂ ನಡುವೆ ಗೋಡೆಯಿಲ್ಲ. ಒಲೆಯ ಮುಂದೆ ನಿಂತ ಅವ್ವನಿಗೂ ಟಿವಿ ಕಾಣುತ್ತದೆ.

ನಾನು ಕೆಲಸ ಮಾಡುವುದು ನಾಸಿಕದ ಒಂದು ಪ್ರಯೋಗಾಲಯದಲ್ಲಿ. ಅಕ್ಟೋಬರ್ ಕೊನೆಗೆ ಜೊತೆಯವರು ಮಾರುಕಟ್ಟೆಯಿಂದ ಕುಂಬಳಕಾಯಿ ತಂದು ಸ್ಕೆಚ್ ಪೆನ್ನಿನಲ್ಲಿ ಕಣ್ಣು ಬರೆಯುತ್ತಾರೆ. ಹ್ಯಾಲೊವೀನ್ ಮುಗಿದ ಮೇಲೆ ಕಸ ಗುಡಿಸುವ ಮಾವಶಿ ಅದನ್ನು ಪಲ್ಯಕ್ಕೆ ಒಯ್ಯುತ್ತಾರೆ. ಆ ದಿನಗಳಲ್ಲಿ ಗ್ರೂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಯಾವ ದೆವ್ವದ ಸಿನಿಮಾ ನೋಡೋಣ? ನಾನು ಉತ್ತರಿಸುವುದಿಲ್ಲ. ನನ್ನ ಬಳಿ ಒಂದು ನೋಟುಬುಕ್ಕಿದೆ. ಎಡಪುಟದಲ್ಲಿ ಒಳ್ಳೆಯ ದೆವ್ವದ ಸಿನಿಮಾಗಳು, ಬಲಪುಟದಲ್ಲಿ ಕೆಟ್ಟವು. ಅದು ಅಣ್ಣನೊಬ್ಬನಿಗೆ ಗೊತ್ತು.

ಅಣ್ಣನ ಮದುವೆ ಮೇ ತಿಂಗಳಲ್ಲಿ ಆಯಿತು. ವೈನಿ, ಅಂದರೆ ಅತ್ತಿಗೆ, ನಾಸಿಕದಲ್ಲೇ ಬೆಳೆದವರು. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ನಡುನಡುವೆ ಮರಾಠಿ ನುಸುಳುತ್ತದೆ. ಅವರ ಸ್ನೇಹ ನನಗೆ ಬೇಕಾಗಿತ್ತು. ಆದರೆ ಐದು ತಿಂಗಳಲ್ಲಿ ನಮ್ಮ ಮಾತು "ಚಾ ಕುಡದ್ರಿ?" "ಹೂಂ, ಕುಡದೆ" ಎಂಬಲ್ಲಿಂದ ಮುಂದೆ ಹೋಗಿರಲಿಲ್ಲ. ಅವರೂ ಮಿತಭಾಷಿ, ನಾನೂ.

ಹೀಗಿರುವಾಗ ಅವರದೇ ಸಂದೇಶ ಬಂತು. "ನೀವು ಹಾರರ್ ಭಾಳ ನೋಡ್ತೀರಂತ. ಈ ಸರ್ತಿ ಫರಾಳ ಮಾಡೋದು ಹ್ಯಾಲೊವೀನ್ ದಿವಸಾನೇ ಬಂದದ. ಮಸ್ತ್ ಒಂದು ಹೇಳ್ರಿ."

ಅವರು ನನ್ನನ್ನು ಕೇಳಿದ ಮೊದಲ ವಿಷಯ ಅದು. ತಪ್ಪು ಸಿನಿಮಾ ಹೇಳಿದರೆ ಎರಡನೆಯದನ್ನು ಕೇಳಲಾರರು ಎಂದು ನನಗೆ ಅನ್ನಿಸಿತು. ಎರಡು ಸಂಜೆ ನೋಟುಬುಕ್ಕು ತಿರುವಿ, ಎಡಪುಟದ ಮೊದಲನೆಯದನ್ನೇ ಆರಿಸಿದೆ.

ಅದು ನಿಜಕ್ಕೂ ಒಳ್ಳೆಯ ಸಿನಿಮಾ. ಅದರಲ್ಲಿ ದೆವ್ವ ಕಾಣುವುದೇ ಇಲ್ಲ. ನಾಲ್ಕು ಜನರ ಮನೆ, ಊಟದ ಮೇಜಿಗೆ ನಾಲ್ಕು ಕುರ್ಚಿ. ಒಂದು ಬೆಳಿಗ್ಗೆ ಐದು ಕುರ್ಚಿಗಳಿರುತ್ತವೆ. ಯಾರೂ ಚೀರುವುದಿಲ್ಲ. ಅದರ ಮೇಲೆ ಯಾರೂ ಕೂರುವುದಿಲ್ಲ, ಅಷ್ಟೆ.

ಹ್ಯಾಲೊವೀನ್ ದಿನ ನಾನು ಮನೆಗೆ ಬಂದಿದ್ದೆ, ಮೂರಕ್ಕೆ ಅದನ್ನೇ ಹಾಕಿದೆವು. ಹಾಲ್‌ನ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅಣ್ಣ ಪರದೆ ಎಳೆಯಹೋದ. "ಹಿಟ್ಟು ಕಾಣಬೇಕೋ ಬ್ಯಾಡೋ? ತಗೀ ಅದನ್ನ" ಎಂದಳು ಅವ್ವ. ನಾನು ಲಟ್ಟಿಸುತ್ತಿದ್ದೆ, ಅಪ್ಪ ಮತ್ತು ವೈನಿ ಹಿತ್ತಾಳೆಯ ಚಕ್ರದಿಂದ ಕತ್ತರಿಸುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಎಲ್ಲರ ಮಾತು ನಿಂತಿತು. ಅಪ್ಪನ ಚೌಕಗಳು ತ್ರಿಕೋನಗಳಾದವು. ವೈನಿಯ ಚಕ್ರ ಹಿಟ್ಟಿನ ಮೇಲೆ ಅಲ್ಲೇ ನಿಂತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು: ಸಿನಿಮಾ ಹಿಡಿಸಿದೆ!

ಆಗ ವೈನಿ ಕೈ ಒರೆಸಿಕೊಂಡು ಎದ್ದು ಹಾಲ್‌ನ ಹೊರಗಿನ ಗ್ಯಾಲರಿಗೆ ಹೋದರು. ಐದು ನಿಮಿಷವಾದರೂ ಬರಲಿಲ್ಲ.

ಹಿಂದೆಯೇ ಹೋದೆ. "ವೈನಿ, ಅಂಜಿಕಿ ಆತೇನ್ರಿ?"

"ಅಂಜಿಕಿ ಅಲ್ರಿ." ಅವರು ಕಟಕಟೆಯ ಮೇಲಿನ ಹಿಟ್ಟಿನ ಬೆರಳಚ್ಚು ಒರೆಸುತ್ತಿದ್ದರು. "ನಿಮ್ಮ ಮನ್ಯಾಗೂ ಮೊದಲ ನಾಕೇ ಕುರ್ಚಿ ಇದ್ವು. ಐದನೇದು ನನ್ನ ಸಲುವಾಗಿ ತಂದದ್ದು. ಬಣ್ಣಾನೂ ಬ್ಯಾರೆ. ಆ ಪಿಚ್ಚರ್‌ದಾಗ ಎಲ್ಲಾರೂ ಐದನೇ ಕುರ್ಚಿ ನೋಡಿ ನಡಗ್ಲಕತ್ತಾರ. ಬಘಾ, ನೋಡ್ರಿ, ಭೂತ ನಾನೇ ಅನಿಸ್ತು!"

ನಗುತ್ತಲೇ ಹೇಳಿದರು, ಆದರೆ ಕಣ್ಣು ಒದ್ದೆಯಾಗಿತ್ತು. ಆ ಸಿನಿಮಾವನ್ನು ನಾನು ಏಳು ಸಲ ನೋಡಿದ್ದೆ. ನಮ್ಮ ಮನೆಯ ಕುರ್ಚಿಗಳನ್ನು ಒಮ್ಮೆಯೂ ಎಣಿಸಿರಲಿಲ್ಲ.

"ನಂದು ತಪ್ಪಾತ್ರಿ" ಎಂದೆ.

ಒಳಗಿನಿಂದ ಅವ್ವ ಕೂಗಿದಳು. "ಯಾರರೆ ಬರ್ರಿ! ಒಬ್ಬೆ ಪೂರಾ ಕರ್ರಗಾತು! ಇದೆಂಥಾ ಪಿಚ್ಚರ್ ಹಚ್ಚ್ಯಾಳಿಕಿ, ಎಣ್ಣಿ ಕಡೆ ಲಕ್ಷೇನೇ ಇಲ್ಲ ನನಗ!"

"ಶಂಕರಪಾಳಿ ಅಲ್ಲಬೇ, ಇದ್ದಲಿ" ಎಂದ ಅಣ್ಣ.

"ಕುಂತಲ್ಲೇ ಕುಂತು ಮಾತಾಡಬ್ಯಾಡ. ನಿನಗ ಇದೇ ತಿನ್ನಲಿಕ್ಕ ಕೊಡ್ತೀನಿ."

ವೈನಿ ಈ ಸಲ ನಿಜವಾಗಿ ನಕ್ಕರು. ಕಣ್ಣೊರೆಸಿಕೊಂಡು ಕೇಳಿದರು: "ಕೆಟ್ಟವು ಇಲ್ಲೇನ್ರಿ ನಿಮ್ಮ ಹತ್ರ?"

"ಭಾಳ ಅವ."

"ಎಲ್ಲಾಕ್ಕಿಂತ ಕೆಟ್ಟದ್ದು ಹಚ್ಚ್ರಿ."

ಅದನ್ನು ಹುಡುಕಲು ನೋಟುಬುಕ್ಕು ಬೇಕಾಗಿರಲಿಲ್ಲ. ಹಿಂದಿಗೆ ಡಬ್ ಮಾಡಿದ ಸಿನಿಮಾ. ಯಾರಾದರೂ ಲೋಟ ಕೆಳಗಿಟ್ಟರೂ ಗುಡುಗುತ್ತದೆ. ಬಿಳಿ ಸೀರೆಯ ದೆವ್ವ ಬಾವಿಯಿಂದ ಮೇಲೆ ಬರುವಾಗ, ಹಿಂದೆ ಅಲ್ಯೂಮಿನಿಯಮ್ ಏಣಿ ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯ ಮೆಟ್ಟಿಲಲ್ಲಿ ದೆವ್ವ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತದೆ.

"ಶಾಣ್ಯಾಕಿ" ಎಂದಳು ಅವ್ವ, ಕರಿಯುವ ಜಾರಾ ಎತ್ತಿ ಹಿಡಿದು. "ಬೀಳಬಾರದಲ್ಲ."

"ಬಿದ್ದ್ರೇನು ಅತ್ಯಾ, ಮೊದಲೇ ಸತ್ತಾಳ!" ಎಂದರು ವೈನಿ.

ಅಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಅದಾದ ಮೇಲೆ ದೆವ್ವ ಬಂದಾಗಲೆಲ್ಲ ಯಾರಾದರೊಬ್ಬರು ಅದಕ್ಕೆ ಬುದ್ಧಿ ಹೇಳುತ್ತಿದ್ದರು: ಚಪ್ಪಲಿ ಹಾಕ್ಕೋ, ಕೂದಲ ಕಟ್ಟು, ಬಾವ್ಯಾಗ ಥಂಡಿ ಆಗ್ತದ. ಕೈಗಳು ಮಾತ್ರ ನಿಲ್ಲಲಿಲ್ಲ. ಮುಂದೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಟಿವಿಯನ್ನೇ ದಿಟ್ಟಿಸಬೇಕಾಗಿರಲಿಲ್ಲ. ಸಿನಿಮಾ ಮುಗಿಯುವಷ್ಟರಲ್ಲಿ ಎರಡಲ್ಲ, ಮೂರು ಡಬ್ಬಿ ತುಂಬಿದ್ದವು. ಕೊನೆಯ ಡಬ್ಬಿಯ ಚೌಕಗಳನ್ನೆಲ್ಲ ಕತ್ತರಿಸಿದ್ದು ವೈನಿ. ನೋಡಿದರೆ ಅವ್ವ ಕತ್ತರಿಸಿದವೇ ಅನ್ನಬೇಕು, ಹಾಗಿದ್ದವು.

ಒಳ್ಳೆಯ ದೆವ್ವದ ಸಿನಿಮಾ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಬೇರೆ ಮಾಡುತ್ತದೆ. ನನಗೆ ಅದು ಇಷ್ಟವಾಗುವುದು ಅದಕ್ಕೇ ಇರಬಹುದು. ಮನೆಮಂದಿಯ ನಡುವೆ ಕುಳಿತು ನೋಡಲು ಕೆಟ್ಟದ್ದೇ ಬೇಕು. ಹ್ಯಾಲೊವೀನ್‌ಗೆ ಯಾವುದನ್ನು ನೋಡಲಿ ಎಂದು ಯಾರಾದರೂ ಕೇಳಿದರೆ, ಈಗ ನಾನು ಮೊದಲು ಕೇಳುವುದು ಎಷ್ಟು ಜನ ಇರುತ್ತೀರಿ ಎಂದು.

ಮರುದಿನ ಬೆಳಿಗ್ಗೆ ನಾಸಿಕದ ಬಸ್ಸಿಗೆ ಒಂದು ಗಂಟೆ ಇತ್ತು. ನಾನು ಚಹಾ ತೆಗೆದುಕೊಂಡು ಐದನೆಯ ಕುರ್ಚಿಯಲ್ಲಿ ಕುಳಿತೆ. ಅದು ಉಳಿದವುಗಳಿಗಿಂತ ಎರಡು ಬೆರಳು ಎತ್ತರ, ಬೆನ್ನಿಗೆ ಹಾಯೆನಿಸುತ್ತದೆ. ವೈನಿ ಒಂದು ಕ್ಷಣ ನಿಂತು ನೋಡಿ, ಎದುರಿಗೆ ನನ್ನ ಕುರ್ಚಿಯನ್ನು ಎಳೆದುಕೊಂಡು ಕುಳಿತು, ನಿನ್ನೆ ಕಪ್ಪಾದ ಶಂಕರಪಾಳಿಗಳನ್ನು ಚಹಾದಲ್ಲಿ ಅದ್ದಿ ತಿನ್ನತೊಡಗಿದರು. ನಾನು ನೋಟುಬುಕ್ಕು ತೆರೆದು, ಬಲಪುಟದ ಕೆಟ್ಟ ಸಿನಿಮಾಗಳ ಹೆಸರುಗಳನ್ನು ಅವರು ನೋಡುತ್ತಿರುವಂತೆಯೇ ಒಂದು ಹಾಳೆಗೆ ಬರೆದುಕೊಟ್ಟೆ. ಹನ್ನೊಂದಿದ್ದವು.